ಹಾಲಿನ ಕ್ಯಾನು, ಲವಂಗ ಮತ್ತು ಬಯೋಫಿಲ್ಮ್: ಒಂದೇ ಮದ್ದು ಯಾಕೆ ಸಾಲದು?

ಎರಡು ದಿನ ತೊಳೆಯದೇ ಬಿಟ್ಟ ನೀರಿನ ಬಾಟಲಿಯ ಒಳಗೆ ಬೆರಳಾಡಿಸಿ ನೋಡಿ. ಜಾರುತ್ತೆ ಅಲ್ವಾ? ನೀರು ಚೆಲ್ಲಿದರೂ ಆ ಜಾರಿಕೆ ಹೋಗಲ್ಲ. ಬರೀ ನೀರು ಹಾಕಿ ಕುಲುಕಿದರೂ ಹೋಗಲ್ಲ. ಬ್ರಷ್ ಹಾಕಿ ಉಜ್ಜಿದರೆ ಮಾತ್ರ ಹೋಗುತ್ತೆ. ಮನೆಯಲ್ಲಿ ಅಮ್ಮ ಅದನ್ನು ಲೋಳೆ ಅಂತಾರೆ, ವಿಜ್ಞಾನದಲ್ಲಿ ಅದಕ್ಕೆ ಬಯೋಫಿಲ್ಮ್ ಅಂತ ಹೆಸರು.

ಈ ಸಲದ ಪಾಠ ಆ ಲೋಳೆಯ ಬಗ್ಗೆ. ಅದು ಆಹಾರಕ್ಕೆ ಏನು ಮಾಡುತ್ತೆ, ಲವಂಗ, ಓಂಕಾಳು, ಚಕ್ಕೆ, ವೀಳ್ಯದೆಲೆಯಂಥ ಅಡುಗೆಮನೆ ಪದಾರ್ಥಗಳಿಂದ ಅದನ್ನು ತಡೆಯೋಕೆ ಆಗುತ್ತಾ, ಒಂದಕ್ಕಿಂತ ಎರಡನ್ನು ಜೊತೆಗೆ ಬಳಸಿದರೆ ಯಾಕೆ ಹೆಚ್ಚು ಕೆಲಸ ಆಗುತ್ತೆ ಅನ್ನೋದನ್ನು ಲೆಕ್ಕದ ಸಮೇತ ನೋಡೋಣ. ನಮ್ಮ ಗುಂಪಿನಲ್ಲಿ ಇಬ್ಬರು ನಂಜನಗೂಡು ಕಡೆಯವರು, ಒಬ್ಬರು ಟಿ. ನರಸೀಪುರದ ಕಡೆಯವರು. ಅದಕ್ಕೇ ಉದಾಹರಣೆಗಳು ಅಲ್ಲಿಂದಲೇ ಬರುತ್ತವೆ. ಬಯಾಲಜಿಯನ್ನು ಹತ್ತನೇ ಕ್ಲಾಸಿಗೇ ಬಿಟ್ಟವರಿಗೂ ಅರ್ಥ ಆಗೋ ಹಾಗೆ ಬರೆದಿದ್ದೇವೆ.

1. ಬಯೋಫಿಲ್ಮ್ ಅಂದ್ರೆ ಏನು?

ಬ್ಯಾಕ್ಟೀರಿಯಾ ಅಂದ ತಕ್ಷಣ ನೀರಿನಲ್ಲಿ ಒಂಟಿಯಾಗಿ ಈಜುತ್ತಿರುವ ಕಡ್ಡಿಯೋ ಚುಕ್ಕಿಯೋ ನಮ್ಮ ಕಣ್ಮುಂದೆ ಬರುತ್ತೆ. ಪಠ್ಯಪುಸ್ತಕದ ಚಿತ್ರ ಹಾಗೇ ಇರುತ್ತೆ. ಆದರೆ ಹೊರಗಿನ ಪ್ರಪಂಚದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು, ಗುಂಪು ಕಟ್ಟಿಕೊಂಡು ಬದುಕುತ್ತವೆ. ಈ ಗುಂಪು ಕಟ್ಟೋ ಕೆಲಸ ಐದು ಹಂತದಲ್ಲಿ ನಡೆಯುತ್ತೆ.

ಮೊದಲು ಒಂದೆರಡು ಬ್ಯಾಕ್ಟೀರಿಯಾ ಬಂದು ಮೇಲ್ಮೈಗೆ ಸುಮ್ಮನೆ ತಾಗುತ್ತವೆ. ಈ ಹಂತದಲ್ಲಿ ನೀರು ಹರಿಸಿದರೆ ಹೋಗಿಬಿಡುತ್ತವೆ. ಆಮೇಲೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಮೂರನೇ ಹಂತದಲ್ಲಿ ಸಂಖ್ಯೆ ಹೆಚ್ಚಾಗಿ ಸಣ್ಣ ಕಾಲೋನಿ ಆಗುತ್ತೆ. ನಾಲ್ಕನೆಯದರಲ್ಲಿ ಅವು ತಮ್ಮ ಸುತ್ತ ಸಕ್ಕರೆಯ ಸರಪಳಿ, ಪ್ರೋಟೀನ್ ಮತ್ತು ಡಿಎನ್‌ಎ ಸೇರಿದ ಅಂಟನ್ನು ಸುರಿಸಿ ದಪ್ಪ ಪದರ ಕಟ್ಟುತ್ತವೆ. ಐದನೆಯದರಲ್ಲಿ ಒಂದಷ್ಟು ಬ್ಯಾಕ್ಟೀರಿಯಾ ಕಳಚಿಕೊಂಡು ಬೇರೆ ಕಡೆ ಹೋಗಿ ಹೊಸ ಮನೆ ಕಟ್ಟುತ್ತವೆ.

ಇವು ಒಂದರ ಜೊತೆ ಒಂದು ಮಾತಾಡಿಕೊಳ್ಳುತ್ತವೆ ಕೂಡ. ಪ್ರತಿಯೊಂದೂ ಸಣ್ಣ ಸಿಗ್ನಲ್ ಅಣುಗಳನ್ನು ಹೊರಗೆ ಬಿಡುತ್ತೆ. ಅಕ್ಕಪಕ್ಕ ಜನ ಜಾಸ್ತಿ ಇದ್ದರೆ ಸಿಗ್ನಲ್ ಜಾಸ್ತಿ ಆಗುತ್ತೆ. ಅದು ಒಂದು ಮಟ್ಟ ದಾಟಿದಾಗ ಎಲ್ಲವೂ ಒಟ್ಟಿಗೆ ತಮ್ಮ ಜೀನ್‌ಗಳನ್ನು ಆನ್ ಮಾಡುತ್ತವೆ. ಇದಕ್ಕೆ ಕೋರಂ ಸೆನ್ಸಿಂಗ್ ಅಂತಾರೆ. ಸಂಘದ ಮೀಟಿಂಗ್‌ಗೆ ಕೋರಂ ಇಲ್ಲದೆ ನಿರ್ಣಯ ಪಾಸ್ ಆಗಲ್ಲವಲ್ಲ, ಅದೇ ಕೋರಂ ಇದು.

2. ನಮ್ಮ ಕಡೆ ಇದು ಎಲ್ಲಿ ಸಿಗುತ್ತೆ?

ನಂಜನಗೂಡು ಅಂದ್ರೆ ಶ್ರೀಕಂಠೇಶ್ವರ, ರಸಬಾಳೆ, ಕಪಿಲೆ. ಟಿ. ನರಸೀಪುರ ಅಂದ್ರೆ ಗುಂಜಾ ನರಸಿಂಹಸ್ವಾಮಿ, ಕಾವೇರಿ-ಕಪಿಲೆ ಸಂಗಮ, 1989ರಲ್ಲಿ ಶುರುವಾದ ಕುಂಭಮೇಳ. ಇವೆಲ್ಲ ಎಲ್ಲರಿಗೂ ಗೊತ್ತು. ಅಷ್ಟಾಗಿ ಮಾತಿಗೆ ಬಾರದೇ ಇರೋದು ಆಹಾರದ ಕೆಲಸ. ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ಕುಂಭಮೇಳದಲ್ಲಿ ಸಾವಿರಾರು ಜನಕ್ಕೆ ಒಂದೇ ಕಡೆ ಅಡುಗೆ ಆಗುತ್ತೆ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ನೆಸ್ಲೆಯ ಇನ್‌ಸ್ಟಂಟ್ ಕಾಫಿ ಕಾರ್ಖಾನೆ ಇದೆ. ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಡೈರಿ ಮುಂದೆ ಹಾಲಿನ ಪಾತ್ರೆ ಹಿಡಿದು ಕ್ಯೂ ನಿಲ್ಲುತ್ತೆ.

ಆ ಕ್ಯೂನಲ್ಲೇ ನಮ್ಮ ಪಾಠದ ಮುಖ್ಯ ಉದಾಹರಣೆ ಇದೆ. ಹಾಲು ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಊಟ: ಸಕ್ಕರೆ, ಪ್ರೋಟೀನ್, ಕೊಬ್ಬು, ಕ್ಯಾಲ್ಸಿಯಂ, ನೀರು ಎಲ್ಲ ಇದೆ. ಕ್ಯಾನಿನ ಕುತ್ತಿಗೆಯ ಒಳ ಅಂಚು, ಮುಚ್ಚಳದ ರಬ್ಬರ್ ರಿಂಗ್, ಬೆಸುಗೆ ಹಾಕಿದ ಜಾಗ, ನಲ್ಲಿಯ ಒಳಭಾಗ, ಇಲ್ಲೆಲ್ಲ ಹಾಲಿನ ತೆಳು ಪದರ ಉಳಿಯುತ್ತೆ. ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಸೇರಿ ಬಿಳಿ ಹೆಕ್ಕಳೆ ಕಟ್ಟುತ್ತೆ, ಅದಕ್ಕೆ ಡೈರಿ ಭಾಷೆಯಲ್ಲಿ ಮಿಲ್ಕ್ ಸ್ಟೋನ್ ಅಂತಾರೆ. ಅದರ ಒರಟು ಮೇಲ್ಮೈ ಬಯೋಫಿಲ್ಮ್‌ಗೆ ಒಳ್ಳೆ ಸೈಟ್.

ಇದರಿಂದ ಏನು ನಷ್ಟ? ಹಾಲು ಹುಳಿ ಬಂದರೆ ಕಾಯಿಸಿದಾಗ ಒಡೆಯುತ್ತೆ, ಒಡೆಯೋ ಹಾಲನ್ನು ಯಾರೂ ತಗೊಳ್ಳಲ್ಲ. ಒಂದು ಕ್ಯಾನಿನಲ್ಲಿ ಹತ್ತಾರು ಮನೆಯ ಹಾಲು ಸೇರಿರುತ್ತೆ. ಹಾಗಾಗಿ ಒಂದು ಅಂಚಿನ ಲೋಳೆ ಹತ್ತಾರು ಮನೆಯ ಆ ಹೊತ್ತಿನ ದುಡಿಮೆಯನ್ನು ಕೆಡಿಸಬಹುದು. ಎರಡನೆಯದು ಇನ್ನೂ ಸೂಕ್ಷ್ಮ. ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ತಣ್ಣಗಿನ ಹಾಲಲ್ಲೂ ಬೆಳೆದು ಪ್ರೋಟೀನ್ ಮತ್ತು ಕೊಬ್ಬನ್ನು ಒಡೆಯೋ ಎಂಜೈಮ್ ಬಿಡುತ್ತೆ. ಪಾಶ್ಚರೀಕರಣದಲ್ಲಿ, ಅಂದ್ರೆ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿದಾಗ, ಆ ಬ್ಯಾಕ್ಟೀರಿಯಾ ಸಾಯುತ್ತೆ. ಆದರೆ ಎಂಜೈಮ್ ಸಾಯಲ್ಲ, ಅದು ಕೆಲಸ ಮಾಡ್ತಾನೇ ಇರುತ್ತೆ. ಮೂರನೆಯದು ಕಾಯಿಲೆ. ಲಿಸ್ಟೀರಿಯಾ ಫ್ರಿಜ್ಜಿನ ತಂಪಲ್ಲೂ ಬೆಳೆಯುತ್ತೆ, ಗರ್ಭಿಣಿಯರಿಗೆ ತುಂಬಾ ಅಪಾಯ. ಸಾಲ್ಮೊನೆಲ್ಲಾ, ಸ್ಟ್ಯಾಫಿಲೊಕಾಕಸ್, ಬ್ಯಾಸಿಲಸ್ ಸೀರಿಯಸ್ ಇವೂ ಬಯೋಫಿಲ್ಮ್ ಕಟ್ಟುತ್ತವೆ. ಬ್ಯಾಸಿಲಸ್‌ನ ಬೀಜಾಣುಗಳು ಕುದಿಯೋ ನೀರನ್ನೂ ತಡೆದುಕೊಳ್ಳುತ್ತವೆ.

3. ಮೊದಲ ಲೆಕ್ಕ: 99.9 ಪರ್ಸೆಂಟ್ ಸಾಕಾ?

ಹ್ಯಾಂಡ್‌ವಾಶ್ ಜಾಹೀರಾತಲ್ಲಿ 99.9 ಪರ್ಸೆಂಟ್ ಕೀಟಾಣು ಸಾಯುತ್ತೆ ಅಂತ ನೋಡಿರುತ್ತೀರ. ಕ್ಯಾನಿನ ಅಂಚಿಗೆ ಇದನ್ನು ಹಾಕಿ ನೋಡೋಣ. ಅಲ್ಲಿ 1 ಕೋಟಿ ಬ್ಯಾಕ್ಟೀರಿಯಾ ಇವೆ ಅಂದುಕೊಳ್ಳಿ. 99.9 ಪರ್ಸೆಂಟ್ ಸತ್ತರೆ ಉಳಿದದ್ದು 10,000. ಲ್ಯಾಬ್ ಭಾಷೆಯಲ್ಲಿ ಇದು 3 ಲಾಗ್ ರಿಡಕ್ಷನ್.

ಈಗ ಕ್ಯಾನು ಒದ್ದೆಯಾಗೇ ಇದೆ, ಹಾಲಿನ ಪಸೆ ಇದೆ, ಹವಾ ಬೆಚ್ಚಗಿದೆ. ಅನುಕೂಲ ಇದ್ದಾಗ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಡಬಲ್ ಆಗುತ್ತವೆ. ಮತ್ತೆ 1000 ಪಟ್ಟು ಆಗೋಕೆ ಎಷ್ಟು ಡಬ್ಲಿಂಗ್ ಬೇಕು? ಎರಡರ ಹತ್ತನೇ ಘಾತ 1024. ಅಂದ್ರೆ ಹತ್ತು ಡಬ್ಲಿಂಗ್, 200 ನಿಮಿಷ, 3 ಗಂಟೆ 20 ನಿಮಿಷ. ಬೆಳಿಗ್ಗೆ ತೊಳೆದ ಕ್ಯಾನಿಗೆ ಸಂಜೆ ಹಾಲು ಬೀಳೋ ಹೊತ್ತಿಗೆ ಲೆಕ್ಕ ಮೊದಲಿನ ಜಾಗಕ್ಕೇ ಬಂದು ನಿಂತಿರುತ್ತೆ.

ಇದರಿಂದ ಎರಡು ಪಾಠ. ಒಂದು, ಸಾಯಿಸೋದಷ್ಟೇ ಮುಖ್ಯ ಮತ್ತೆ ಬೆಳೆಯದ ಹಾಗೆ ನೋಡಿಕೊಳ್ಳೋದು. ಎರಡು, ಕ್ಯಾನನ್ನು ತೊಳೆದು ಬೋರಲು ಹಾಕಿ ಬಿಸಿಲಲ್ಲಿ ಒಣಗಿಸೋದು ಹಳೇ ಕಾಲದ ಅಭ್ಯಾಸ ಅಂತ ತಳ್ಳಿಹಾಕೋ ಹಾಗಿಲ್ಲ. ನೀರಿಲ್ಲದೆ ಡಬ್ಲಿಂಗ್ ಇಲ್ಲ.

4. ಯಾಕೆ ಇಷ್ಟು ಗಟ್ಟಿ?

1680ರ ದಶಕದಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಪಾಚಿಯನ್ನು ಕೆರೆದು ತಾನೇ ಮಾಡಿದ ಮೈಕ್ರೋಸ್ಕೋಪಲ್ಲಿ ನೋಡಿದ. ವಿನಿಗರ್ ಹಾಕಿದಾಗ ಪಾಚಿಯ ಹೊರಗಡೆ ಇದ್ದ ಜೀವಿಗಳು ಮಾತ್ರ ಸತ್ತವು, ಒಳಗಿನವು ಉಳಿದವು ಅಂತ ಬರೆದ. ಹಲ್ಲಿನ ಪಾಚಿಯೂ ಬಯೋಫಿಲ್ಮೇ. ಅಂದ್ರೆ ನೈಸರ್ಗಿಕ ಮದ್ದು ಒಂದೇ ಸಾಲದು ಅನ್ನೋ ಸುದ್ದಿಗೆ ಮುನ್ನೂರು ವರ್ಷ ದಾಟಿದೆ. 1913ರಲ್ಲಿ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಸಾಲೆಯ ಗುಲಾಬಿ ಬಣ್ಣದ ಹಲ್ಪುಡಿ ನಮ್ಮ ಅಜ್ಜಿಯರ ಕಾಲದಲ್ಲಿ ಮನೆಮನೆಯಲ್ಲಿತ್ತು. ಹಲ್ಪುಡಿಯನ್ನು ಬೆರಳಲ್ಲಿ ಉಜ್ಜಲೇಬೇಕು, ಬಾಯಿಗೆ ಹಾಕಿ ಮುಕ್ಕಳಿಸಿದರೆ ಆಗಲ್ಲ. ಆ ಉಜ್ಜೋದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಬಯೋಫಿಲ್ಮ್ ಒಳಗಿನ ಬ್ಯಾಕ್ಟೀರಿಯಾ ಒಂಟಿಯಾಗಿ ಈಜೋ ಬ್ಯಾಕ್ಟೀರಿಯಾಗಿಂತ ಹತ್ತು ಪಟ್ಟಿನಿಂದ ಸಾವಿರ ಪಟ್ಟಿನವರೆಗೆ ಹೆಚ್ಚು ಮದ್ದನ್ನು ತಡೆದುಕೊಳ್ಳಬಹುದು. ಯಾಕೆ? 'ಅಂಟು ಕೋಟೆಗೋಡೆ ಥರ, ಮದ್ದು ಒಳಗೆ ಹೋಗಲ್ಲ' ಅಂತ ಸಾಮಾನ್ಯವಾಗಿ ಹೇಳ್ತಾರೆ. ನಾವು ಇಂಜಿನಿಯರಿಂಗ್ ಓದೋರು, ಆ ಮಾತನ್ನು ಲೆಕ್ಕಕ್ಕೆ ಹಾಕೋಣ.

ಡಿಫ್ಯೂಷನ್‌ಗೆ ಬೇಕಾದ ಸಮಯ ಸುಮಾರಾಗಿ ದಪ್ಪದ ವರ್ಗ ÷ ಡಿಫ್ಯೂಷನ್ ಗುಣಾಂಕ. ಪದರದ ದಪ್ಪ 100 ಮೈಕ್ರೋಮೀಟರ್ ಇರಲಿ. ಸಣ್ಣ ಅಣುವಿಗೆ ಬಯೋಫಿಲ್ಮ್ ಒಳಗೆ ಗುಣಾಂಕ ಸೆಕೆಂಡಿಗೆ 100 ಚದರ ಮೈಕ್ರೋಮೀಟರ್ ಅಂತ ಇಟ್ಟುಕೊಳ್ಳೋಣ. 100 × 100 ÷ 100 = 100 ಸೆಕೆಂಡ್. ಬರೀ ಎರಡು ನಿಮಿಷದೊಳಗೆ ಒಳಗೆ ಹೋಯ್ತು! ಹಾಗಾದ್ರೆ ಗೋಡೆ ಅಷ್ಟೇ ಕಾರಣ ಅಲ್ಲ.

ಇನ್ನೂ ಮೂರು ಕಾರಣ ಇವೆ. ಒಂದು, ಕ್ಲೋರಿನ್‌ನಂಥ ಮದ್ದು ದಾರಿಯಲ್ಲೇ ಅಂಟಿನ ಜೊತೆ ರಿಯಾಕ್ಟ್ ಆಗಿ ಖರ್ಚಾಗಿಹೋಗುತ್ತೆ. ಎಣ್ಣೆಯಂಥ ಅಣುಗಳು ಹಾಲಿನ ಕೊಬ್ಬಿಗೋ ಪ್ರೋಟೀನ್‌ಗೋ ಅಂಟಿಕೊಳ್ಳುತ್ತವೆ. ಎರಡು, ತಳದಲ್ಲಿರೋ ಬ್ಯಾಕ್ಟೀರಿಯಾಗೆ ಆಕ್ಸಿಜನ್, ಊಟ ಕಡಿಮೆ, ಅವು ಬೆಳವಣಿಗೆ ನಿಲ್ಲಿಸಿ ಮಲಗಿರುತ್ತವೆ. ಬೆಳೆಯೋ ಜೀವಿಯ ಮೇಲೆ ಕೆಲಸ ಮಾಡೋ ಮದ್ದು ಮಲಗಿರೋದನ್ನು ಏನೂ ಮಾಡಲ್ಲ. ಮೂರು, ಒಂದೇ ಪದರದಲ್ಲಿ ಬೇರೆ ಬೇರೆ ಜಾತಿ ಇರುತ್ತವೆ, ಒಂದಕ್ಕೆ ತಾಗಿದ್ದು ಇನ್ನೊಂದಕ್ಕೆ ತಾಗಲ್ಲ. ಮೂರು ಬೇರೆ ಬೇರೆ ಕಾರಣ ಇರೋದರಿಂದಲೇ ಮದ್ದೂ ಒಂದಕ್ಕಿಂತ ಹೆಚ್ಚು ಬೇಕು.

5. ಅಡುಗೆಮನೆಯಲ್ಲಿ ಏನೇನಿದೆ?

ಲವಂಗದ ಎಣ್ಣೆಯ ಬಹುಪಾಲು ಯೂಜಿನಾಲ್. ಓಂಕಾಳಿನ ಎಣ್ಣೆಯಲ್ಲಿ ಮುಖ್ಯವಾದದ್ದು ಥೈಮಾಲ್. ಇವೆರಡೂ ಫಿನಾಲ್ ಜಾತಿಯ ಅಣುಗಳು. ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿಕೊಂಡು ಅದನ್ನು ಸೋರೋ ಹಾಗೆ ಮಾಡುತ್ತವೆ. ತೂತು ಬಿದ್ದ ಟ್ಯಾಂಕ್ ಥರ ಒಳಗಿನ ಅಯಾನುಗಳು ಹೊರಗೆ ಹೋಗುತ್ತವೆ.

ಚಕ್ಕೆಯಲ್ಲಿ ಸಿನಮಾಲ್ಡಿಹೈಡ್ ಇದೆ. ಸಾಯಿಸೋಕೆ ಸಾಲದಷ್ಟು ಕಡಿಮೆ ಪ್ರಮಾಣದಲ್ಲೂ ಅದು ಕೋರಂ ಸೆನ್ಸಿಂಗ್‌ನ ಸಿಗ್ನಲ್ ಕೆಡಿಸುತ್ತೆ ಅಂತ ಲ್ಯಾಬ್‌ಗಳಲ್ಲಿ ಕಂಡಿದ್ದಾರೆ. ಬೆಳ್ಳುಳ್ಳಿಯನ್ನು ಜಜ್ಜಿದಾಗ ಹುಟ್ಟೋ ಅಲಿಸಿನ್ ಗಂಧಕ ಇರೋ ಎಂಜೈಮ್‌ಗಳನ್ನು ಹಿಡಿಯುತ್ತೆ. ಜಜ್ಜದೇ ಇಡೀ ಎಸಳು ಹಾಕಿದರೆ ಅಲಿಸಿನ್ ಹುಟ್ಟೋದೇ ಇಲ್ಲ. ಜಿಐ ಟ್ಯಾಗ್ ಇರೋ ನಮ್ಮ ಮೈಸೂರು ವೀಳ್ಯದೆಲೆಯೂ ಈ ಸಾಲಿಗೆ ಬರುತ್ತೆ: ವೀಳ್ಯದೆಲೆಯಲ್ಲಿ ಯೂಜಿನಾಲ್, ಚವಿಬೀಟಾಲ್, ಹೈಡ್ರಾಕ್ಸಿಚವಿಕಾಲ್ ಅನ್ನೋ ಫಿನಾಲ್‌ಗಳಿವೆ. ಬೆಣ್ಣೆ ಕಾಯಿಸುವಾಗ ಕೊನೆಗೆ ಒಂದು ವೀಳ್ಯದೆಲೆ ಹಾಕೋದನ್ನು ನಮ್ಮಲ್ಲಿ ತುಂಬಾ ಜನ ಮನೆಯಲ್ಲಿ ನೋಡಿರುತ್ತೀರ.

ಗಿಡದ್ದಲ್ಲದ ನೈಸರ್ಗಿಕ ಮದ್ದೂ ಇದೆ. ಮೊಸರು-ಚೀಸ್ ಜಾತಿಯ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾ ಬಿಡೋ ನೈಸಿನ್ ಅನ್ನೋ ಪುಟ್ಟ ಪ್ರೋಟೀನ್‌ನ ಸುಳಿವು ಸಿಕ್ಕಿದ್ದು 1928ರಲ್ಲಿ. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಓದ ಜಂಟಿ ತಜ್ಞರ ಸಮಿತಿ ಅದನ್ನು ಆಹಾರಕ್ಕೆ ಸುರಕ್ಷಿತ ಅಂತ ಒಪ್ಪಿತು. ಮೊಟ್ಟೆಯ ಬಿಳಿಭಾಗದಲ್ಲಿ ಲೈಸೋಜೈಮ್ ಇದೆ. ಹಾಲಿನಲ್ಲೇ ಲ್ಯಾಕ್ಟೊಫೆರಿನ್, ಲ್ಯಾಕ್ಟೊಪರಾಕ್ಸಿಡೇಸ್ ಇವೆ. ಕರು ಹಾಕಿದ ಮೊದಲ ದಿನಗಳ ಗಿಣ್ಣು ಹಾಲಲ್ಲಂತೂ ಲ್ಯಾಕ್ಟೊಫೆರಿನ್ ಜಾಸ್ತಿ.

ಇಷ್ಟೆಲ್ಲ ಇದ್ದೂ ಒಂದೊಂದನ್ನೇ ಬಳಸಿದರೆ ತೊಂದರೆ ಏನು? ಬಯೋಫಿಲ್ಮ್ ಸಾಯೋಷ್ಟು ಲವಂಗದೆಣ್ಣೆ ಹಾಕಿದರೆ ಹಾಲು ಹಲ್ಲುನೋವಿನ ಮದ್ದಿನ ಹಾಗೆ ನಾರುತ್ತೆ. ಆ ಹಾಲಲ್ಲಿ ಯಾರು ಕಾಫಿ ಮಾಡ್ತಾರೆ? ನೈಸಿನ್‌ಗೆ ವಾಸನೆ ಇಲ್ಲ, ಆದರೆ ಅದು ಗ್ರಾಂ ಪಾಸಿಟಿವ್ ಜಾತಿಯನ್ನು ಮಾತ್ರ ಹಿಡಿಯುತ್ತೆ. ಈ. ಕೊಲೈ, ಸಾಲ್ಮೊನೆಲ್ಲಾದಂಥ ಗ್ರಾಂ ನೆಗೆಟಿವ್ ಜಾತಿಗೆ ಹೊರಗೆ ಇನ್ನೊಂದು ಪೊರೆ ಇದೆ, ನೈಸಿನ್ ಅದನ್ನು ದಾಟಲ್ಲ. ಅರಿಶಿನದ ಕರ್ಕ್ಯುಮಿನ್ ನೀರಲ್ಲಿ ಕರಗೋದೇ ಕಷ್ಟ.

6. ಜೊತೆ ಸೇರಿಸಿದರೆ ಏನಾಗುತ್ತೆ?

ಟಿ. ನರಸೀಪುರದ ಸಂಗಮದಲ್ಲಿ ಎರಡು ನದಿ ಸೇರಿದಾಗ ಎರಡರ ನೀರೂ ಕೂಡುತ್ತೆ, ಒಂದೊಂದು ಸೇರಿ ಎರಡು, ಅಷ್ಟೇ. ಮದ್ದುಗಳ ವಿಷಯದಲ್ಲಿ ಒಂದೊಂದು ಸೇರಿ ಕೆಲವೊಮ್ಮೆ ನಾಲ್ಕಾಗುತ್ತೆ, ಕೆಲವೊಮ್ಮೆ ಅರ್ಧವಾಗುತ್ತೆ. ನಾಲ್ಕಾದರೆ ಸಿನರ್ಜಿ, ಎರಡಾದರೆ ಅಡಿಟಿವ್, ಅರ್ಧವಾದರೆ ಆಂಟಾಗೊನಿಸಂ.

ಸಿನರ್ಜಿ ಬರೋದು ಎರಡೂ ಬೇರೆ ಬೇರೆ ಕೆಲಸ ಮಾಡಿದಾಗ. ಮೂರು ಉದಾಹರಣೆ ನೋಡಿ.

ಬಾಗಿಲು ತೆಗೆಯೋನು, ಒಳಗೆ ನುಗ್ಗೋನು: ಥೈಮಾಲ್ ಗ್ರಾಂ ನೆಗೆಟಿವ್ ಜಾತಿಯ ಹೊರಪೊರೆಯನ್ನು ಸಡಿಲ ಮಾಡುತ್ತೆ. ಆಗ ತನ್ನಷ್ಟಕ್ಕೆ ಒಳಗೆ ಹೋಗಲಾಗದ ನೈಸಿನ್ ಒಳಗೆ ಹೋಗಬಹುದು. ಲ್ಯಾಕ್ಟಿಕ್ ಆಮ್ಲವೂ ಹೊರಪೊರೆಯನ್ನು ಸಡಿಲಿಸುತ್ತೆ.

ಅಂಟು ಕರಗಿಸೋನು, ಸಾಯಿಸೋನು: ಪ್ರೋಟೀನ್ ಅಥವಾ ಡಿಎನ್‌ಎ ಕತ್ತರಿಸೋ ಎಂಜೈಮ್‌ನಿಂದ ಅಂಟನ್ನು ಬಿಡಿಸಿ, ಆಮೇಲೆ ಯೂಜಿನಾಲ್ ಕೊಡೋದು. ಇಲ್ಲಿ ಕ್ರಮ ಮುಖ್ಯ. ಪ್ರೋಟೀನ್ ಕತ್ತರಿಸೋ ಎಂಜೈಮ್ ಜೊತೆ ನೈಸಿನ್ ಹಾಕಿದರೆ ಎಂಜೈಮ್ ನೈಸಿನ್ನನ್ನೇ ತಿಂದುಹಾಕಬಹುದು, ಯಾಕಂದ್ರೆ ನೈಸಿನ್ನೂ ಪ್ರೋಟೀನೇ.

ಸುದ್ದಿ ಕತ್ತರಿಸೋನು, ಕಾವಲು ಕಾಯೋನು: ಸ್ವಚ್ಛ ಮಾಡಿದ ಮೇಲ್ಮೈಗೆ ಸಿನಮಾಲ್ಡಿಹೈಡ್‌ನಂಥದ್ದು ಸ್ವಲ್ಪ ಇದ್ದರೆ, ಉಳಿದ ಬ್ಯಾಕ್ಟೀರಿಯಾ ಕೋರಂ ಸೇರಿಸಿಕೊಂಡು ಮತ್ತೆ ಪದರ ಕಟ್ಟೋದು ತಡವಾಗುತ್ತೆ. ಜೊತೆಗೆ ಆಮ್ಲ ಇದ್ದರೆ ಬೆಳವಣಿಗೆಯೂ ನಿಧಾನ.

ಈಗ ಲೆಕ್ಕ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯೋ ಅತಿ ಕಡಿಮೆ ಪ್ರಮಾಣಕ್ಕೆ ಎಂಐಸಿ ಅಂತಾರೆ. ಎರಡು ಮದ್ದಿನ ಜೋಡಿಗೆ ಎಫ್‌ಐಸಿ ಸೂಚ್ಯಂಕ ಹೀಗೆ:

(ಜೋಡಿಯಲ್ಲಿ ಮೊದಲನೆಯದರ ಎಂಐಸಿ ÷ ಅದರ ಒಂಟಿ ಎಂಐಸಿ) + (ಜೋಡಿಯಲ್ಲಿ ಎರಡನೆಯದರ ಎಂಐಸಿ ÷ ಅದರ ಒಂಟಿ ಎಂಐಸಿ)

ಉತ್ತರ 0.5 ಅಥವಾ ಕಡಿಮೆ ಇದ್ದರೆ ಸಿನರ್ಜಿ. 4ಕ್ಕಿಂತ ಜಾಸ್ತಿ ಇದ್ದರೆ ಆಂಟಾಗೊನಿಸಂ. ನಡುವೆ ಇದ್ದರೆ ಅಂಥ ವಿಶೇಷ ಏನಿಲ್ಲ, 1ರ ತನಕ ಅಡಿಟಿವ್ ಅಂತ ಹೇಳೋದು ವಾಡಿಕೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಕಟ್ಟೋಣ. ಥೈಮಾಲ್ ಒಂಟಿಯಾಗಿ 400, ನೈಸಿನ್ ಒಂಟಿಯಾಗಿ 8 ಬೇಕು. ಜೋಡಿಯಾದಾಗ 100 ಮತ್ತು 2 ಸಾಕು. ಆಗ 100÷400 + 2÷8 = 0.25 + 0.25 = 0.5. ಸಿನರ್ಜಿ. ಇದರ ಅರ್ಥ ಸೂಚ್ಯಂಕದಲ್ಲಿ ಮುಗಿಯಲ್ಲ. ಥೈಮಾಲ್ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು, ಅಂದ್ರೆ ವಾಸನೆ ಇಳಿಯಿತು, ಖರ್ಚು ಇಳಿಯಿತು. ಆಹಾರದಲ್ಲಿ ಜೋಡಿ ಮದ್ದಿನ ಬೆಲೆ ಇರೋದೇ ಇಲ್ಲಿ.

ಇದನ್ನು ಪರೀಕ್ಷೆ ಮಾಡೋದಕ್ಕೆ 96 ಗುಳಿಯ ಪ್ಲೇಟ್ ಬಳಸುತ್ತಾರೆ: 8 ಸಾಲು, 12 ಕಾಲಂ. ಒಂದು ಮದ್ದನ್ನು ಸಾಲಿನುದ್ದಕ್ಕೂ, ಇನ್ನೊಂದನ್ನು ಕಾಲಂ ಉದ್ದಕ್ಕೂ ಅರ್ಧ ಅರ್ಧ ಮಾಡುತ್ತಾ ಹೋಗೋದು. ಚೌಕಾಬಾರದ ಮಣೆ ಥರ ಕಾಣುತ್ತೆ. ಇದರ ಹೆಸರು ಚೆಕರ್‌ಬೋರ್ಡ್. ಬಯೋಫಿಲ್ಮ್ ಎಷ್ಟು ಉಳಿದಿದೆ ಅಂತ ನೋಡೋದಕ್ಕೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ, ತೊಳೆದು, ಅಂಟಿಕೊಂಡ ಬಣ್ಣ ಅಳೆಯುತ್ತಾರೆ. ಒಂದು ಎಚ್ಚರಿಕೆ: ಬಣ್ಣ ಸತ್ತದ್ದನ್ನೂ ಬದುಕಿದ್ದನ್ನೂ ಎರಡನ್ನೂ ಹಿಡಿಯುತ್ತೆ. ಬದುಕಿರೋದನ್ನು ಎಣಿಸೋಕೆ ಪ್ಲೇಟ್ ಮೇಲೆ ಬೆಳೆಸಿಯೇ ನೋಡಬೇಕು.

ಹೀಗೆ ಹಲವು ಅಡ್ಡಿಗಳನ್ನು ಒಂದರ ಹಿಂದೆ ಒಂದು ಇಡೋದಕ್ಕೆ ಹರ್ಡಲ್ ಟೆಕ್ನಾಲಜಿ ಅಂತ ಹೆಸರು ಬಂದದ್ದು ಜರ್ಮನಿಯ ಲೋಥರ್ ಲೈಸ್ಟ್ನರ್ ಅವರಿಂದ, 1970ರ ದಶಕದಲ್ಲಿ. ನಮ್ಮ ಉಪ್ಪಿನಕಾಯಿ ಜಾಡಿ ನೋಡಿ: ಉಪ್ಪು ನೀರನ್ನು ಕಟ್ಟಿಹಾಕುತ್ತೆ, ಹುಳಿ ಪಿಹೆಚ್ ಇಳಿಸುತ್ತೆ, ಸಾಸಿವೆ ತನ್ನ ಘಾಟು ಬಿಡುತ್ತೆ, ಎಣ್ಣೆ ಗಾಳಿ ತಡೆಯುತ್ತೆ. ಪ್ರಯಾಣಕ್ಕೆ ಚಿತ್ರಾನ್ನ ಬಿಟ್ಟು ಪುಳಿಯೋಗರೆ ಕಟ್ಟಿಕೊಡೋದರ ಹಿಂದೆಯೂ ಹುಣಸೆಹಣ್ಣಿನ ಆಮ್ಲ ಇದೆ. ಆದರೂ ಅನ್ನ ಅನ್ನವೇ. ಬ್ಯಾಸಿಲಸ್ ಬೀಜಾಣು ಅಕ್ಕಿಯಲ್ಲೇ ಬಂದಿರುತ್ತೆ, ಹುಳಿ ಕಡಿಮೆ ಹಾಕಿದ್ದರೆ ಆ ಕಾವಲಿಗೆ ಬಲ ಇರಲ್ಲ.

7. ಎಲ್ಲಿ ಎಡವಟ್ಟಾಗುತ್ತೆ?

'ನೈಸರ್ಗಿಕ' ಅಂದ ತಕ್ಷಣ ಎಷ್ಟು ಬೇಕಾದರೂ ಹಾಕಬಹುದು ಅಂತ ಅಲ್ಲ. ಡೈರಿಗೆ ಹಾಕೋ ಹಸಿ ಹಾಲಿಗೆ ಏನನ್ನೂ ಬೆರೆಸೋ ಹಾಗಿಲ್ಲ. ಅದು ಲವಂಗದೆಣ್ಣೆ ಆದರೂ ಕಲಬೆರಕೆಯೇ. ನಾವಿಲ್ಲಿ ಮಾತಾಡ್ತಿರೋದು ಮುಖ್ಯವಾಗಿ ಮೇಲ್ಮೈ ಬಗ್ಗೆ: ಕ್ಯಾನು, ಪೈಪು, ನಲ್ಲಿ, ಕಟಿಂಗ್ ಬೋರ್ಡು. ಅಲ್ಲೂ ಕೊನೆಗೆ ಒಳ್ಳೆ ನೀರಲ್ಲಿ ತೊಳೆಯಲೇಬೇಕು.

ಎರಡನೇದು, ಲ್ಯಾಬಿನ ಸಾರಿನಲ್ಲಿ ಗೆದ್ದ ಜೋಡಿ ಹಾಲಲ್ಲಿ ಸೋಲಬಹುದು. ಕೊಬ್ಬು ಮತ್ತು ಪ್ರೋಟೀನ್ ಫಿನಾಲ್‌ಗಳನ್ನು ಹೀರಿಕೊಳ್ಳುತ್ತವೆ, ಬ್ಯಾಕ್ಟೀರಿಯಾಗೆ ಸಿಗೋದು ಕಡಿಮೆ. ಹಾಲಿನ ಪಸೆ ಇರೋ ಕ್ಯಾನಿಗೆ ನೇರವಾಗಿ ಎಣ್ಣೆ ಸ್ಪ್ರೇ ಮಾಡಿದರೆ ಮದ್ದು ಪಸೆಗೇ ಹೋಗುತ್ತೆ. ಮೊದಲು ಪಸೆ ತೆಗೀಬೇಕು.

ಮೂರನೇದು, ಒಂದೇ ಕೆಲಸ ಮಾಡೋ ಇಬ್ಬರನ್ನು ಕರೆದರೆ ಸಿನರ್ಜಿ ಬರಬೇಕು ಅಂತೇನಿಲ್ಲ. ಯೂಜಿನಾಲ್, ಥೈಮಾಲ್ ಎರಡೂ ಪೊರೆಯನ್ನೇ ಹಿಡಿಯುತ್ತವೆ. ಅಂಥ ಜೋಡಿಯಲ್ಲಿ ಎಷ್ಟೋ ಸಲ ಕೂಡಿದಷ್ಟೇ ಬರುತ್ತೆ. ನಾಲ್ಕನೇದು ತುಂಬಾ ಕಡಿಮೆ ಪ್ರಮಾಣ. ಸಾಯೋಷ್ಟು ಅಲ್ಲದ, ಹೆದರಿಸೋಷ್ಟು ಮದ್ದು ಕೊಟ್ಟರೆ ಕೆಲವು ಬ್ಯಾಕ್ಟೀರಿಯಾ ಹೆದರಿ ಇನ್ನೂ ದಪ್ಪ ಪದರ ಕಟ್ಟುತ್ತವೆ.

8. ಹಾಗಾದ್ರೆ ಇಂಜಿನಿಯರ್ ಕೆಲಸ ಎಲ್ಲಿ?

ಹಲ್ಪುಡಿಯ ಉಜ್ಜೋದನ್ನು ನೆನಪಿಡಿ ಅಂದಿದ್ವಿ. ಡೈರಿ ಪ್ಲಾಂಟಿನ ಪೈಪನ್ನು ಯಾರೂ ಬೆರಳು ಹಾಕಿ ಉಜ್ಜೋಕಾಗಲ್ಲ. ಅಲ್ಲಿ ಪೈಪ್ ಬಿಚ್ಚದೇ ದ್ರಾವಣ ಹರಿಸಿ ತೊಳೆಯೋ ಸಿಐಪಿ ವಿಧಾನ ಇದೆ. ನೀರು, ಬಿಸಿ ಕಾಸ್ಟಿಕ್ ಸೋಡಾ, ನೀರು, ಆಮ್ಲ, ನೀರು ಅನ್ನೋ ಕ್ರಮ. ಕಾಸ್ಟಿಕ್ ಕೊಬ್ಬು-ಪ್ರೋಟೀನ್ ತೆಗೆಯುತ್ತೆ, ಆಮ್ಲ ಮಿಲ್ಕ್ ಸ್ಟೋನ್ ಕರಗಿಸುತ್ತೆ. ನಮ್ಮ ಅಜ್ಜಿ ಬೂದಿ, ತೆಂಗಿನ ನಾರು, ಹುಣಸೆಹಣ್ಣು, ಬಿಸಿಲು ಅಂತ ಪಾತ್ರೆ ತೊಳೆಯುತ್ತಿದ್ದರಲ್ಲ, ಅದರಲ್ಲಿ ಬೂದಿ ಕ್ಷಾರ, ನಾರು ಉಜ್ಜೋ ಬಲ, ಹುಣಸೆ ಆಮ್ಲ. ಕ್ಷಾರ, ಆಮ್ಲ ಎರಡನ್ನೂ ಒಟ್ಟಿಗೆ ಬೆರೆಸಿದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಒಂದಾದ ಮೇಲೆ ಒಂದು ಹಾಕಿದರೆ ಎರಡೂ ಕೆಲಸ ಮಾಡುತ್ತವೆ.

ಸಿಐಪಿಯಲ್ಲಿ ನೀರಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 1.5 ಮೀಟರ್. 5 ಸೆಂಟಿಮೀಟರ್ ವ್ಯಾಸದ ಪೈಪಿಗೆ ರೆನಾಲ್ಡ್ಸ್ ಸಂಖ್ಯೆ ಹಾಕಿ: 1000 × 1.5 × 0.05 ÷ 0.001 = 75,000. 4000 ದಾಟಿದರೆ ಟರ್ಬ್ಯುಲೆಂಟ್, ಅಂದ್ರೆ ಚೆನ್ನಾಗೇ ಸುಳಿ ಏಳ್ತಿದೆ. ಖುಷಿಪಡೋಕೆ ಮುಂಚೆ ಇನ್ನೊಂದು ಲೆಕ್ಕ. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಬ್ಲೇಸಿಯಸ್ ಸೂತ್ರದಿಂದ ಗೋಡೆಯ ಮೇಲಿನ ಶಿಯರ್ ಸುಮಾರು 5.4 ಪಾಸ್ಕಲ್ ಬರುತ್ತೆ, ಅದರಿಂದ ಗೋಡೆಗೆ ಅಂಟಿದ ಶಾಂತ ಪದರದ ದಪ್ಪ ಸುಮಾರು 70 ಮೈಕ್ರೋಮೀಟರ್. ಬ್ಯಾಕ್ಟೀರಿಯಾ ಗಾತ್ರ ಸುಮಾರು 1 ಮೈಕ್ರೋಮೀಟರ್. ಮೇಲೆ ಪ್ರವಾಹ ಬಂದರೂ ತಳದಲ್ಲಿ ಅದು ಹಾಯಾಗಿ ಕೂತಿರುತ್ತೆ! ವೇಗದಿಂದ ಶಿಯರ್ ಬಲ ಸಿಗುತ್ತೆ, ಅಂಟು ಬಿಡಿಸೋಕೆ ಕೆಮಿಸ್ಟ್ರಿಯೂ ಬೇಕೇ ಬೇಕು.

ಮೆಕ್ಯಾನಿಕಲ್‌ನವರು ಮೇಲ್ಮೈ ನುಣುಪು ನೋಡಿ. ಆಹಾರ ತಾಗೋ ಸ್ಟೀಲ್‌ಗೆ ಒರಟುತನ 0.8 ಮೈಕ್ರೋಮೀಟರ್ ಒಳಗಿರಬೇಕು ಅನ್ನೋ ನಿಯಮ ಬಂದದ್ದು ಬ್ಯಾಕ್ಟೀರಿಯಾ ಅಡಗೋಕೆ ಜಾಗ ಸಿಗದಿರಲಿ ಅಂತ. ಹರಿವು ತಲುಪದ ಪೈಪ್ ಕವಲುಗಳನ್ನು, ಅಂದ್ರೆ ಡೆಡ್ ಲೆಗ್‌ಗಳನ್ನು, ಡಿಸೈನ್‌ನಲ್ಲೇ ತೆಗೀಬೇಕು. ಎಲೆಕ್ಟ್ರಾನಿಕ್ಸ್‌ನವರಿಗೆ ಪದರ ಕಟ್ಟೋದನ್ನು ಮೊದಲೇ ಹಿಡಿಯೋ ಸೆನ್ಸರ್ ಕೆಲಸ ಇದೆ. ಕಂಪ್ಯೂಟರ್ ಸೈನ್ಸ್‌ನವರಿಗೆ 96 ಗುಳಿಯ ಫೋಟೋದಿಂದ ಡೇಟಾ ತೆಗೆಯೋ ಕೆಲಸ. ಮೈಸೂರಲ್ಲೇ 1950ರಿಂದ ಸಿಎಫ್‌ಟಿಆರ್‌ಐ ಆಹಾರದ ಮೇಲೆ ಸಂಶೋಧನೆ ಮಾಡ್ತಿದೆ, 1961ರಲ್ಲಿ ಶುರುವಾದ ಡಿಎಫ್‌ಆರ್‌ಎಲ್ ಕೂಡ ಆ ಕೆಲಸ ಮಾಡಿದೆ. ನಂಜನಗೂಡಿನಿಂದ ಅಲ್ಲಿಗೆ ಒಂದು ಗಂಟೆ ಬಸ್ ದಾರಿಯೂ ಇಲ್ಲ.

9. ಮಿನಿ ಪ್ರಾಜೆಕ್ಟ್‌ಗೆ ಒಂದು ಐಡಿಯಾ

ಕಾಯಿಲೆ ತರೋ ಬ್ಯಾಕ್ಟೀರಿಯಾ ಬೆಳೆಸೋದು ಹಾಸ್ಟೆಲ್ ರೂಮಿನ ಕೆಲಸ ಅಲ್ಲ, ಅದನ್ನು ಮುಟ್ಟಬೇಡಿ. ಲ್ಯಾಬಲ್ಲಿ, ಮೇಷ್ಟ್ರು ಇರುವಾಗ ಮಾಡೋಕಾಗೋದು ಮೆಥಿಲೀನ್ ಬ್ಲೂ ಪರೀಕ್ಷೆ. ಹಾಲಿಗೆ ಈ ನೀಲಿ ಬಣ್ಣ ಒಂದಿಷ್ಟು ಹಾಕಿ ಬೆಚ್ಚಗಿಟ್ಟರೆ, ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ಬೇಗ ನೀಲಿ ಹೋಗಿ ಬಿಳಿಯಾಗುತ್ತೆ.

12 ಒಂದೇ ಥರದ ಸ್ಟೀಲ್ ಲೋಟ ತಗೊಳ್ಳಿ. ಎಲ್ಲದರಲ್ಲೂ ಹಾಲು ಹಾಕಿ ಒಂದು ದಿನ ಇಟ್ಟು ಚೆಲ್ಲಿ. ಮೂರನ್ನು ಬರೀ ನೀರಲ್ಲಿ, ಮೂರನ್ನು ಹುಣಸೆ ನೀರಲ್ಲಿ, ಮೂರನ್ನು ಓಂಕಾಳಿನ ಕಷಾಯದಲ್ಲಿ, ಮೂರನ್ನು ಹುಣಸೆ ನೀರಾದ ಮೇಲೆ ಕಷಾಯದಲ್ಲಿ ತೊಳೆಯಿರಿ. ನೀರಿನ ಅಳತೆ, ಬಿಸಿ, ಸಮಯ ಎಲ್ಲದಕ್ಕೂ ಒಂದೇ ಇರಲಿ. ಎಲ್ಲವನ್ನೂ ಕೊನೆಗೆ ಒಂದೇ ಅಳತೆ ಕುದಿಸಿ ಆರಿಸಿದ ನೀರಲ್ಲಿ ಜಾಲಿಸಿ. ನಂತರ ಕಾಯಿಸಿ ಆರಿಸಿದ ಹಾಲು ಹಾಕಿ, ಕೆಲವು ಗಂಟೆ ಬಿಟ್ಟು, ನೀಲಿ ಹೋಗೋ ಸಮಯ ಬರೆದುಕೊಳ್ಳಿ. ಇದಕ್ಕೆ 2 × 2 ಫ್ಯಾಕ್ಟೋರಿಯಲ್ ಡಿಸೈನ್ ಅಂತ ಹೆಸರು. ಬರೀ ನೀರಿಗೆ ಹೋಲಿಸಿದರೆ ಹುಣಸೆ ಎಷ್ಟು ನಿಮಿಷ ಕೂಡಿಸಿತು, ಕಷಾಯ ಎಷ್ಟು ಕೂಡಿಸಿತು, ಜೋಡಿ ಅವೆರಡರ ಮೊತ್ತಕ್ಕಿಂತ ಹೆಚ್ಚು ಕೂಡಿಸಿತಾ ಅಂತ ನೋಡಿ. ಹೆಚ್ಚು ಬರದಿದ್ದರೆ ಅದೂ ಫಲಿತಾಂಶವೇ, ರಿಪೋರ್ಟಲ್ಲಿ ಹಾಗೇ ಬರೀರಿ. ಆ ಹಾಲನ್ನು ಮಾತ್ರ ಯಾರೂ ಕುಡೀಬೇಡಿ.

10. ನೀವೇ ಲೆಕ್ಕ ಮಾಡಿ

ಪ್ರಶ್ನೆ 1: ಒಂದು ಮದ್ದಿನ ಒಂಟಿ ಎಂಐಸಿ 200, ಜೋಡಿಯಲ್ಲಿ 100. ಇನ್ನೊಂದರ ಒಂಟಿ ಎಂಐಸಿ 16, ಜೋಡಿಯಲ್ಲಿ 4. ಸೂಚ್ಯಂಕ ಎಷ್ಟು? ಸಿನರ್ಜಿಯಾ?

ಪ್ರಶ್ನೆ 2: 5 ಲಾಗ್ ರಿಡಕ್ಷನ್ ಆದರೆ, 20 ನಿಮಿಷಕ್ಕೊಮ್ಮೆ ಡಬಲ್ ಆಗೋ ಬ್ಯಾಕ್ಟೀರಿಯಾ ಮೊದಲಿನ ಸಂಖ್ಯೆಗೆ ಬರೋಕೆ ಎಷ್ಟು ಹೊತ್ತು ಬೇಕು?

ಪ್ರಶ್ನೆ 3: ಬಯೋಫಿಲ್ಮ್ ದಪ್ಪ 100ರ ಬದಲು 300 ಮೈಕ್ರೋಮೀಟರ್ ಆದರೆ ಡಿಫ್ಯೂಷನ್ ಸಮಯ ಎಷ್ಟಾಗುತ್ತೆ?

ಉತ್ತರ: ಒಂದನೆಯದು 0.5 + 0.25 = 0.75, ಸಿನರ್ಜಿ ಅಲ್ಲ, ಅಡಿಟಿವ್. ಎರಡನೆಯದು ಒಂದು ಲಕ್ಷ ಪಟ್ಟಿಗೆ ಸುಮಾರು 17 ಡಬ್ಲಿಂಗ್, 340 ನಿಮಿಷ, ಐದೂ ಮುಕ್ಕಾಲು ಗಂಟೆಗೆ ಐದು ನಿಮಿಷ ಕಡಿಮೆ. ಮೂರನೆಯದು ಮೂರರ ವರ್ಗ ಒಂಬತ್ತು, ಅಂದ್ರೆ 900 ಸೆಕೆಂಡ್, 15 ನಿಮಿಷ.

ಎರಡನೇ ಉತ್ತರವನ್ನು ಇನ್ನೊಮ್ಮೆ ನೋಡಿ. ಮದ್ದನ್ನು ನೂರು ಪಟ್ಟು ಬಲ ಮಾಡಿ 3 ಲಾಗ್‌ನಿಂದ 5 ಲಾಗ್‌ಗೆ ಹೋದರೂ ನಮಗೆ ಹೆಚ್ಚಿಗೆ ಸಿಕ್ಕಿದ್ದು ಎರಡು ಗಂಟೆ ಇಪ್ಪತ್ತು ನಿಮಿಷ. ಕ್ಯಾನನ್ನು ಒಣಗಿಸಿದರೆ ಸಂಜೆಯವರೆಗೂ ಸಿಗುತ್ತೆ. ಊರಿಗೆ ಹೋದಾಗ ಮನೆಯಲ್ಲಿ ಹಾಲಿನ ಪಾತ್ರೆಯನ್ನು ಕೈಗೆ ತಗೊಂಡು ಅದರ ಒಳ ಅಂಚನ್ನು ಒಮ್ಮೆ ಬೆರಳಲ್ಲಿ ಮುಟ್ಟಿ ನೋಡಿ. ಜಾರಿದರೆ, ಯಾವ ಕ್ರಮದಲ್ಲಿ ಏನು ಮಾಡಬೇಕು ಅಂತ ಈಗ ನಿಮಗೆ ಗೊತ್ತು: ಪಸೆ ತೆಗೀರಿ, ಉಜ್ಜಿ, ಹೆಕ್ಕಳೆ ಕರಗಿಸಿ, ಮದ್ದು ಕೊಡಿ, ತೊಳೆಯಿರಿ, ಒಣಗಿಸಿ.